ಬೂದು ಬಣ್ಣಕ್ಕೆ ಎಷ್ಟು ಮೆಟ್ಟಿಲು

ಲಿಮಾ ನಗರದ ವಿಲ್ಸನ್ ಬೀದಿ, ಎರಡನೇ ಮಹಡಿ,
ನೂರಾ ಹದಿನಾಲ್ಕನೇ ಗೂಡು ನನ್ನದು.
ಅಂಗಡಿ ಅಂದರೆ ದೊಡ್ಡ ಮಾತಾಯಿತು:
ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ನಾನು.
ಬರುವವರು ಹುಡುಗರು, ಕೇಳುವುದು ಒಂದೇ:
ದೀಪ ಯಾವ ಬಣ್ಣ,
ಗುಂಡು ಹಾರುವಾಗ ತೆರೆ ತಡವರಿಸುತ್ತದಾ.

ಜುಲೈ ತಿಂಗಳ ಒಂದು ಮಂಗಳವಾರ,
ಇಲ್ಲಿಯವರು ಕತ್ತೆಹೊಟ್ಟೆ ಎನ್ನುವ ಆಕಾಶ
ಕಟ್ಟಡಗಳ ನೆತ್ತಿಗೆ ಜೋತುಬಿದ್ದಿದ್ದಾಗ
ಸೆನೋವಿಯಾ ಕಾರ್ವಾಸ್ ಬಂದಳು.
ಅರವತ್ತರ ಆಸುಪಾಸು. ಸ್ವೆಟರಿನ ಎಳೆಎಳೆಗೂ ಮಂಜಿನ ಹನಿ.
ಹಳೇ ಫೋಟೋ ತಿದ್ದುವ ಕೆಲಸವಂತೆ.
'ನಿನ್ನ ಕಾರ್ಡು ಬೂದು ಬಣ್ಣದಲ್ಲಿ
ಎಷ್ಟು ಮೆಟ್ಟಿಲು ಇಳಿಯಬಲ್ಲದು?' ಎಂದಳು.

ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಮೂರು ಫ್ಯಾನಿನದನ್ನು ತೆಗೆದಿಟ್ಟೆ, ಕಾಮನಬಿಲ್ಲು ಉಗುಳುವುದನ್ನು.
ಅವಳು ಕೈಚೀಲದಿಂದ ದರ್ಜಿಯ ಟೇಪು ಎಳೆದು
ಮದುಮಗನ ತೋಳು ಅಳೆದಂತೆ ಅಳೆದಳು.
'ನನ್ನ ಡಬ್ಬಿಯೊಳಗೆ ಜಾಗ ಇಪ್ಪತ್ತಾರು ಸೆಂಟಿಮೀಟರು.
ಇದಕ್ಕೆ ಬೇರೆ ಮನೆ ಕಟ್ಟಿಸಬೇಕು.'
'ಪವರ್ ಸಪ್ಲೈ?'
'ಐನೂರು ವ್ಯಾಟು. ಅದಕ್ಕೂ ಮೇಲೆ ಹೋದರೆ
ಕೆಳಮನೆಯ ಎದೆಲ್ಮೀರಾಳ ಟೀವಿ ಆರುತ್ತದೆ,
ನನಗೆ ಬೈಗುಳ ಹತ್ತುತ್ತದೆ.'

ಪೆನ್‌ಡ್ರೈವಿನಲ್ಲಿ ಒಂದೇ ಚಿತ್ರ ತಂದಿದ್ದಳು.
ಕಯಾವೋದ ಕಡಲು, ಮೇಲೆ ಆಕಾಶ.
ದೋಣಿಯಿಲ್ಲ, ಹಕ್ಕಿಯಿಲ್ಲ, ಜನರಿಲ್ಲ.
ನನ್ನ ತೆರೆಯ ಮೇಲೆ ಆಕಾಶ ಪಟ್ಟೆಪಟ್ಟೆಯಾಗಿ ಒಡೆಯಿತು,
ಹಳೇ ಸಿಮೆಂಟು ಮೆಟ್ಟಿಲಿನ ಹಾಗೆ.
'ಕಾರ್ಡಿನದಲ್ಲ, ನಿನ್ನ ಮಾನಿಟರಿನ ಸುಳ್ಳು,' ಎಂದಳು.
ಪಕ್ಕದ ಗೂಡಿನ ಫ್ರೆದ್ದಿಯದನ್ನು ಕಡ ತಂದೆ.
ಅವನು ಹತ್ತು ಸೋಲ್ ಬಾಡಿಗೆ ಕೇಳಿದ, ಹಲ್ಕಾ.

ಆಮೇಲೆ ಸ್ಟೂಲಿನ ಕೆಳಗಿನ ಡಬ್ಬದಿಂದ ಒಂದನ್ನು ತೆಗೆದೆ.
ಹನ್ನೆರಡು ಜೀಬಿ ನೆನಪು, ಅರ್ಧ ಬೆಲೆ.
ಸಿಕ್ಕಿಸಿದೆ. ಕಡಲು ಒಡೆಯಲಿಲ್ಲ.
ಅವಳು ಮಾತ್ರ ತೆರೆ ಬಿಟ್ಟು ಕಿವಿ ಬಗ್ಗಿಸಿದಳು.
'ಇದು ಇಷ್ಟು ದಿನ ಎಲ್ಲಿತ್ತು?'

ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು:
ಒಬ್ಬ ವಿದ್ಯಾರ್ಥಿಯದು, ಭಾನುವಾರ ಮಾತ್ರ ಬಳಸಿದ್ದು.
'ಗಣಿಯಲ್ಲಿ,' ಎಂದುಬಿಟ್ಟೆ.
ನಾಣ್ಯ ಅಗೆಯುವ ಗಣಿ. ನಮ್ಮ ಭಾವ ವಿಲ್ಮೆರನದು.
ಊರಾಚೆ ಕಿಟಕಿಯಿಲ್ಲದ ಕೋಣೆ, ನಲವತ್ತು ಕಾರ್ಡು,
ಎರಡೂವರೆ ವರ್ಷ ಹಗಲಿಲ್ಲ, ಇರುಳಿಲ್ಲ, ಬರೀ ಲೆಕ್ಕ.
ಚಿತ್ರ ತೋರಿಸಲೆಂದೇ ಹುಟ್ಟಿದವು,
ಅಷ್ಟು ದಿನ ಯಾರಿಗೂ
ಒಂದು ಚಿತ್ರ ತೋರಿಸಿರಲಿಲ್ಲ.

ಫ್ಯಾನು ಗೊರಗೊರ ಅನ್ನುತ್ತಿತ್ತು.
'ನಮ್ಮಪ್ಪನೂ ಗಣಿಯವನೇ. ಸೆರೊ ದೆ ಪಾಸ್ಕೊ.
ಕೊನೆಯ ಚಳಿಗಾಲ ಪೂರ್ತಿ ಇದೇ ಸದ್ದು,'
ಎಂದಳು, ತರಕಾರಿಯ ಬೆಲೆ ಹೇಳುವ ದನಿಯಲ್ಲಿ.
ಅದೇ ಉಸಿರಿಗೆ: 'ಎಷ್ಟು ಬಿಡುತ್ತೀ?'

ಚೌಕಾಸಿ ಮುಗಿದು ಸ್ಕ್ರೂ ಬಿಚ್ಚಿದೆ.
ರೆಕ್ಕೆಗಳ ನಡುವಿನಿಂದ ಧೂಳಿನ ಹಾಳೆಯೇ ಎದ್ದುಬಂತು.
ಬ್ರಷ್ಷು ಆಡಿಸುವಾಗ ಅವಳು ಮಾತಿಗೆ ತೊಡಗಿದಳು:
ಗಣಿ ಸಂಘದ ಗುರುತುಚೀಟಿ ಫೋಟೋಗಳು,
ಮುನ್ನೂರ ಹನ್ನೆರಡು ಮುಖ.
ಅವಳ ಯಂತ್ರಕ್ಕೆ ಒಂದು ಮುಖಕ್ಕೆ ಆರು ನಿಮಿಷ.
'ಧೂಳು ತೆಗೆ ಅಂತ ಒಂದು ಗುಂಡಿ ಇದೆಯಪ್ಪ.
ಒತ್ತಿದರೆ ಫಿಲ್ಮಿನ ಧೂಳೂ ಹೋಗುತ್ತದೆ,
ಹುಬ್ಬಿನ ಮೇಲೆ ಕೂತ ಅದಿರಿನ ಧೂಳೂ.
ಯಾವುದು ಯಾವುದೆಂದು ಅದಕ್ಕೇನು ಗೊತ್ತು?
ಬೇಗ ತೋರಿಸಲಿ ಸಾಕು.
ಯಾವುದು ಉಳಿಯಬೇಕೆಂದು ಹೇಳುವವಳು ನಾನು.'

ಹೊಸ ಪೇಸ್ಟು ಹಚ್ಚಿದೆ. ಗೊರಗು ಕಡಿಮೆಯಾಯಿತು,
ನಿಲ್ಲಲಿಲ್ಲ.
ರಸೀದಿಯಲ್ಲಿ ಗ್ಯಾರಂಟಿ ಮೂರು ತಿಂಗಳು ಎಂದು ಬರೆದೆ,
ಮೂರನ್ನು ಹೊಡೆದು ಆರು ಮಾಡಿದೆ.
ಅವಳು ಕನ್ನಡಕ ಏರಿಸಿ ಎರಡು ಸಲ ಓದಿ
ಸ್ವೆಟರಿನೊಳಗೆ ಸೇರಿಸಿಕೊಂಡಳು.

ವಿಲ್ಮೆರನ ಹದಿನೇಳು ಕಾರ್ಡು ಇನ್ನೂ ಡಬ್ಬದಲ್ಲಿವೆ.
ಈಗ ಯಾರಾದರೂ ಕೈಗೆತ್ತಿಕೊಂಡರೆ, ಕೇಳುವ ಮೊದಲೇ
ಎಲ್ಲಿದ್ದವು ಎಂದು ಹೇಳಿಬಿಡುತ್ತೇನೆ.
ವ್ಯಾಪಾರ ಸ್ವಲ್ಪ ಕಡಿಮೆ.