ಐದು ರಾಗಿಕಾಳು

ಮೂವತ್ತೊಂದು ವರ್ಷ ಅಶೋಕಪುರಂ ವರ್ಕ್‌ಶಾಪಲ್ಲಿ
ರೈಲುಗಾಲಿ ತಿರುವಿದವನು ನಾನು.
ಒಂದೊಂದನ್ನೂ ಎತ್ತೋಕೆ ಕ್ರೇನು ಬೇಕಿತ್ತು.
ಈಗ ಮೇಜಿನ ಮೇಲಿರೋದು
ಕಿರುಬೆರಳಿಗಿಂತ ಗಿಡ್ಡ, ಹಿತ್ತಾಳೆಯ ತೋಟಾಚಿಪ್ಪು.
ಇದನ್ನೆತ್ತೋಕೆ
ಉಸಿರು ಹಿಡಿಯಬೇಕು.

ಪೊನ್ನವ್ವ ಮೇಡಂ ನೂರರ ಡಬ್ಬಿ ತಂದಿಡ್ತಾರೆ:
‘ಆಚಾರ್ರೇ, ಹದಿನೈದು ಸಿಕ್ಕರೆ ಸಾಕು.’
ಅವರ ಬಲಗೈ ನಡುಗುತ್ತೆ,
ಬಾಯಿ ಬಿಡದಿದ್ದರೂ ಕಾಫಿ ಕಪ್ಪು ಸಾಸರಿಗೆ ಹೇಳಿಬಿಡುತ್ತೆ.
ಮರಳುಚೀಲದ ಮೇಲೆ ಮಲಗಿದ ಕೋವಿಗೆ ಆ ಸುದ್ದಿ ಮುಟ್ಟಿಲ್ಲ.
ಅದು ಕೇಳೋದು ಒಂದು ಬೆರಳು,
ಅದರಲ್ಲೂ ತುದಿ.

ಚಿಪ್ಪಿಗೂ ಕೊರಳುಂಟು, ಹೆಗಲುಂಟು, ಹೊಟ್ಟೆಯುಂಟು, ಬುಡವುಂಟು.
ಹೆಣ್ಣು ನೋಡೋಕೆ ಹೋದ ಸೋದರತ್ತೆಯ ಹಾಗೆ
ಕೂತು ತಪ್ಪು ಹುಡುಕ್ತೇನೆ.
ಇದರ ಕೊರಳು ಒಂದು ಮಗ್ಗುಲಲ್ಲಿ ದಪ್ಪ.
ಇದರ ಬುಡದ ಕಿಂಡಿಯಲ್ಲಿ ಮುಳ್ಳಿನಂಥ ಚೂರು.
ಇದಕ್ಕೆ ಏನೂ ಇಲ್ಲ,
ಆದರೂ ಮೈಕ್ರೋಮೀಟರು ಒಪ್ಪೋದಿಲ್ಲ.
ಒಂದೇ ಅಚ್ಚು, ಒಂದೇ ದಿನ, ಒಂದೇ ಕೊಪ್ಪರಿಗೆಯ ಲೋಹ.
ಅಣ್ಣತಮ್ಮಂದಿರೂ ಹಾಗೇ ತಾನೆ.

ಕೊರಳು ತಿರುವುವಾಗ ಏಳೋ ಸಿಪ್ಪೆ
ಎಳೆಮಗುವಿನ ಕೂದಲಿಗಿಂತ ಸಣ್ಣ.
ಮೀಸೆಗೆ ಅಂಟುತ್ತೆ, ಬನಿಯನ್ನಿಗೆ ಅಂಟುತ್ತೆ,
ಒಂದು ದಿನ ಸಾರಿನಲ್ಲೂ ಸಿಕ್ಕಿ
ಜಯಲಕ್ಷ್ಮಿ ಮೂರು ಹೊತ್ತು ಮಾತು ಬಿಟ್ಟಿದ್ದಳು.

ಹದ ಕಾಯಿಸೋದು ಬಚ್ಚಲಲ್ಲಿ, ದೀಪ ಆರಿಸಿ.
ನೀಲಿ ಉರಿಗೆ ಕೊರಳೊಡ್ಡಿ ತಿರುಗಿಸ್ತಾ ತಿರುಗಿಸ್ತಾ
ಕೆಂಪಿಗೂ ಮುಂಚಿನ ಕೆಂಪಿಗೆ ಕಾಯಬೇಕು,
ವೋಲ್ಟೇಜು ಬಿದ್ದ ಬಲ್ಬಿನ ತಂತಿ ಇರುತ್ತಲ್ಲ, ಅಷ್ಟೇ.
ಆಗಲೇ ತೆಗೆದರೆ ಬಾಗೋ ಗುಣ ಬಂದಿರುತ್ತೆ.
ಇನ್ನೊಂದು ಎಣಿಕೆ ತಡವಾದರೆ
ಗಟ್ಟಿ ಬುಡದ ಗಟ್ಟಿತನವೂ ಕರಗಿ
ಚಿಪ್ಪು ಬರೀ ಗುಜರಿ.

ಆ ಶನಿವಾರ ಹದಿನಾಲ್ಕಾಯಿತು.
ಹದಿನೈದು ಆಗಲಿಲ್ಲ.
ರಾತ್ರಿ ಹನ್ನೊಂದೂಕಾಲು.
ಒಂದಿತ್ತು: ಕೊರಳು ಸಮ, ಉದ್ದ ಸಮ, ತೂಕ ಮಾತ್ರ ಒಂಚೂರು ಮೇಲೆ.
ತಾತನ ಚಿನಿವಾರ ತಕ್ಕಡಿ.
ಒಂದು ತಟ್ಟೆಗೆ ಇದು, ಇನ್ನೊಂದಕ್ಕೆ ಮಾದರಿ ಚಿಪ್ಪು.
ಅಡುಗೆಮನೆ ಡಬ್ಬದಿಂದ ರಾಗಿ ತಂದು
ಮಾದರಿಯ ಕಡೆ ಒಂದೊಂದೇ ಹಾಕ್ತಾ ಹೋದೆ.
ಐದಕ್ಕೆ ಮುಳ್ಳು ನೆಟ್ಟಗೆ ನಿಂತಿತು.

ಐದು ರಾಗಿಕಾಳು!
ಇರುವೆಯೂ ಲೆಕ್ಕ ಬರೆದಿಡದ ಸಾಲ.
ಬುಡದಂಚಿಗೆ ಅರದಿಂದ ಒಂದು ಗೀರೆಳೆದು,
ನನ್ನ ಉಗುರಿಗೆ ಮಾತ್ರ ತಿಳಿಯೋ ಹಾಗೆ,
ಡಬ್ಬಿಗೆ ಸೇರಿಸಿಬಿಟ್ಟೆ.

ಭಾನುವಾರ, ವರುಣಾ ನಾಲೆಯಾಚೆ ಬಯಲು.
ನೂರು ಮೀಟರಿಗೆ ಗುರಿ, ನಡುನಡುವೆ ಕಡ್ಡಿಗೆ ಕಟ್ಟಿದ ರಿಬ್ಬನ್ನು.
ನಾಲ್ಕು ಗುಂಡೂ ಒಂದೇ ತೂತು,
ಕಡಲೆಕಾಳಿಟ್ಟರೆ ಮುಚ್ಚಿಹೋಗಬೇಕು.
ಐದನೆಯದು ಪಕ್ಕಕ್ಕೆ,
ಮುನಿಸಿಕೊಂಡು ಬೇರೆ ಬೆಂಚಲ್ಲಿ ಕೂತ ಹುಡುಗನ ಹಾಗೆ.

‘ಗಾಳಿ, ಆಚಾರ್ರೇ,’ ಅಂದರು ಪೊನ್ನವ್ವ ಮೇಡಂ,
‘ರಿಬ್ಬನ್ ಎದ್ದದ್ದು ನಾನೇ ನೋಡಲಿಲ್ಲ.’
ಎದ್ದಿತ್ತೇ? ನಾನೂ ನೋಡಿರಲಿಲ್ಲ.
ತಟ್ಟೆಯಲ್ಲಿ ಐದೂ ಚಿಪ್ಪು ಒಟ್ಟಿಗೆ ಬಿದ್ದಿದ್ದವು, ಇನ್ನೂ ಬೆಚ್ಚಗೆ.
ಮೂರನೆಯದನ್ನು ಮುಟ್ಟಿದಾಗ ಉಗುರಿಗೆ ಗೀರು ಸಿಕ್ಕಿತು.
ಮೊದಲು ಹಾರಿಸಿದ್ದೋ ಕೊನೆಗೆ ಹಾರಿಸಿದ್ದೋ
ಹಿತ್ತಾಳೆ ಹೇಳೋದಿಲ್ಲ,
ಅದಕ್ಕೆ ಬಾಯಿರೋದು ಒಂದೇ ಮಾತಿಗೆ.

ನಾನೂ ಹೇಳಲಿಲ್ಲ.
‘ಹೌದು, ಗಾಳಿಯೇ,’ ಅಂದೆ.

ಮನೆಗೆ ಬಂದು ಮತ್ತೆ ತೂಗಿದೆ.
ಈಗ ಆರು ಕಾಳು ಬೇಕಾಯಿತು.
ಒಂದು ಹೊಗೆಯದ್ದಿರಬೇಕು.