ಮೊಳಕಾಲೆತ್ತರದ ದಿಬ್ಬ

ಆರು ದಿನ ಜೀನ್ಸ್ ಹೊಲಿದ ಕಾಲು
ಏಳನೆಯ ದಿನ ಬೇರೆ ಪೆಡಲು ಕೇಳುತ್ತದೆ.
ಸಂಗನಕಲ್ಲು ಗುಡ್ಡದ ಹಿಂದೆ ಕೆಮ್ಮಣ್ಣು ಬಡಿದು
ನಾನೇ ಕಟ್ಟಿದ ದಿಬ್ಬ, ಮೊಳಕಾಲೆತ್ತರ.

ಮೂರು ತಿಂಗಳು ಒಬ್ಬನೇ ಹಾರಿದೆ, ಅಂದರೆ
ಬಿದ್ದೆ. ಮುಂದಿನ ಗಾಲಿಯೇ ಮೊದಲು ನೆಲ ಮುಟ್ಟುತ್ತಿತ್ತು,
ಆಮೇಲೆ ನನ್ನ ಗದ್ದ.
ಯಾಕೆಂದು ಹೇಳಲು ಬಂಡೆಗಳಿದ್ದವು. ಹೇಳಲಿಲ್ಲ.

ಆಡು ಮೇಯಲು ಬಿಟ್ಟು ನೋಡುತ್ತ ಕೂತಿರುತ್ತಿದ್ದ
ಹುಲಿಗೆಮ್ಮ ಒಂದಿನ ಅಂದಳು:
"ತುದೀಗೆ ಬಂದ್ ಕೂಡ್ಲೆ ಹೆದರಿ ಸೆಟೆದುಕೊಂತಿ ನೋಡು.
ನಮ್ಮ ಹೋತ ಹಾರೋಕಿಂತ ಮೊದ್ಲು ಕುಗ್ತೈತಿ."

ಕುಗ್ಗಿದೆ. ದಿಬ್ಬ ತಾನೇ ಎತ್ತಿ ಕೊಟ್ಟಿತು.
ಒಂದೇ ಉಸಿರು, ಕೆಳಗೆ ಏನೂ ಇಲ್ಲ,
ಹೊಲಿಗೆ ಬಿಚ್ಚಿದ ಹಾಗೆ.

ಮುಂದಿನ ಭಾನುವಾರ ಗ್ಯಾರೇಜಿನ ಮೌಲಾ
ಅಣ್ಣನ ಸೈಕಲ್ ಕದ್ದು ತಂದ, ಬ್ರೇಕಿಲ್ಲ.
ಯಂಕೋಬ ಸಲಿಕೆ ತಂದ, ಅವನಿಗೆ ಸೈಕಲ್ಲೇ ಇಲ್ಲ.
ಹುಲಿಗೆಮ್ಮ ನನ್ನದನ್ನೇ ಕಸಿದುಕೊಂಡಳು,
ಲಂಗ ಎತ್ತಿ ಸೊಂಟಕ್ಕೆ ಸಿಗಿಸಿ.

ಈಗ ದಿಬ್ಬ ಎದೆಮಟ್ಟ.
ಸರದಿಗಾಗಿ ದಿನಾ ಜಗಳ.
ಒಬ್ಬರು ಗಾಳಿಯಲ್ಲಿದ್ದಾಗ ಮಾತ್ರ
ಎಲ್ಲರೂ ಬಾಯಿ ಮುಚ್ಚುತ್ತೇವೆ,
ಹೋತವೊಂದನ್ನು ಬಿಟ್ಟು.