ಮಾತೃಭಾಷೆ: ಒಂದು ಗೆರಿ

ಜೂನ್ ಮೊದಲ ವಾರ, ಮಳಿ ಇನ್ನಾ ಬಂದಿದ್ದಿಲ್ಲ.
ಹನ್ನೊಂದಕ್ಕೇ ಅಂಗಳದ ಶಹಾಬಾದ ಪರಸಿ
ಹಂಚಿನಂಗ ಕಾದಿತ್ತು.
ಕೊಡಿ ಹಿಡಕೊಂಡು ಬಂದಳು ಇಬ್ತಿಸಾಮ್,
ಯಮನ್ ದೇಶದಾಕಿ, ನಮ್ಮ ಯೂನಿವರ್ಸಿಟಿಯಾಗ
ಔಷಧದ ಮ್ಯಾಲ ಪಿಎಚ್.ಡಿ. ಮಾಡಾಕಿ.
ಬುರ್ಖಾದ ಮರಿಗೆ ನಾಕು ವರ್ಷದ ಅರ್ವಾ.
ಕೈಯಾಗಿನ ಚೀಟಿಯೊಳಗ ಐದು ಸಾಲಿ ಹೆಸರು,
ನಾಕಕ್ಕ ಆಗಲೇ ಗೀಟು ಬಿದ್ದಿತ್ತು.
ಐದನೇದು ನಂದು: ಬ್ರಹ್ಮಪುರದಾಗ ಎರಡು ಖೋಲಿ,
'ಕನ್ನಡ–ಇಂಗ್ಲಿಷ್ ಶಿಶುವಿಹಾರ' ಅಂತ ಬೋರ್ಡು.
ಇಂಗ್ಲಿಷ್ ಅಕ್ಷರ ದೊಡ್ಡವು.
ಪೇಂಟರ್‌ಗೆ ಹಂಗ ಬರಿ ಅಂತ ನಾನೇ ಹೇಳಿದ್ದೆ.

"ಉರ್ದು ಸಾಲಿ ಅದಲ್ಲ, ನಿಮಗ ಹತ್ತರ ಆಗ್ತದ."
"ಲಿಪಿ ಹತ್ತರ, ಮಾತು ದೂರ" ಅಂದಳು ಇಂಗ್ಲಿಷಿನಾಗ,
"ಮನಿ ಮಾಲಕರ ಮಕ್ಕಳು ಕಟ್ಟಿ ಮ್ಯಾಲ ಆಡೋ ಮಾತು
ಇಕಿಗೆ ತಿಳೀಬೇಕು. ದಿನಾ ಕಿಟಕಿ ಸರಳು ಹಿಡಕೊಂಡು
ಒಬ್ಬಾಕೇ ನಿಂತಿರ್ತಾಳ."
"ಎಷ್ಟು ವರ್ಷ ಇರ್ತೀರಿ?"
"ವೀಸಾ ಎರಡು ವರ್ಷ.
ಯುದ್ಧ ಎಷ್ಟು ವರ್ಷ, ಗೊತ್ತಿಲ್ಲ."

ನಾ ಸುಮ್ಮಕಾದೆ. ನನ್ನ ಮೊಮ್ಮಗ
ಸೇಡಂ ರೋಡಿನ ಸಾಲಿಗೆ ಹೋಗ್ತಾನ,
ಅಲ್ಲಿ ಕನ್ನಡ ಆಡಿದರ ಐದು ರೂಪಾಯಿ ದಂಡ.
ಅದನ್ನ ಇಕಿಗೆ ಹೇಳಲಿಲ್ಲ.

ಫಾರ್ಮಿನಾಗ 'ಮಾತೃಭಾಷೆ' ಅಂತ ಒಂದೇ ಗೆರಿ.
ಆಕಿ ಬಲದಿಂದ ಬರಕೋತ ಬಂದಳು,
ನಾ ಎಡದಿಂದ ಅದನ್ನೇ ಕನ್ನಡದಾಗ.
ನಡುವ ಪೆನ್ನಿಗೆ ಪೆನ್ನು ಬಡದು ಇಬ್ಬರಿಗೂ ನಗಿ.

ಪರೀಕ್ಷಾ ಅಲ್ಲ, ಸುಮ್ಮನ ಮಾತಾಡಿಸೂಣಂತ
ಕುರ್ಚಿ ತೋರಿಸಿದೆ. "ಕುರ್ಸಿ" ಅಂದಿತು ಕೂಸು.
ಬಚ್ಚಲದಾಗಿನ ಸಾಬೂನ ತಂದೆ. "ಸಾಬೂನ್."
ನಮ್ಮಜ್ಜ ಪೆನ್ನಿಗೆ ಕಲಂ ಅಂತಿದ್ದ; ಇಕೀನೂ ಅಂದಳು.
ಫ್ಯಾನ್ ಹಾಕಿ "ಹವಾ" ಅಂದೆ,
ಕಣ್ಣು ಮುಚ್ಚಿ, ಮಾರಿ ಎತ್ತಿ, "ಹವಾ."
ಆಯಾ ಖಾಸೀಂಬಿ ಅಂಗೈಯಾಗ ಚಿಟಿಕಿ ಸಕ್ಕರಿ ಹಾಕಿದಳು.
"ಸುಕ್ಕರ್!"
ಯಾವ ಕಾಲದಾಗ ಯಾವ ಹಡಗ ಏರಿ
ಹೋದವೋ, ಬಂದವೋ ಈ ಮಾತು,
ಸಂತ್ಯಾಗ ಚೀಲ ಅದಲುಬದಲಾದ ಮಂದಿ ಹಂಗ.
ಹಿಗ್ಗಿ ಹೀರಿಕಾಯಾದೆ.
"ಅರ್ಧ ಭಾಷೆ ಬಂದೇ ಬಿಟ್ಟದ, ಚಿಂತಿ ಬಿಡ್ರಿ."

ಎರಡನೇ ದಿನ ಬಿಟ್ಟು ಹೋದಳು.
ಅರ್ಧ ತಾಸಿಗೆ ಅಳು ಚಾಲೂ:
"ಮಾ... ಮಾ..."
ಮಾ ಬರ್ತಾಳ ಮಗಾ, ಈಗ ಬರ್ತಾಳ ಅಂತ
ಖಾಸೀಂಬಿ ಬಗಲಾಗ ಹೊತ್ತು ಗೇಟಿನ ತನಕ ತಿರುಗಿದಳು.
ನಾ ಗೊಂಬಿ ಕೊಟ್ಟೆ, ಬೆಕ್ಕಿನಂಗ ಕೂಗಿದೆ,
ಫೋನು ಹಚ್ಚಿದೆ, ಹಚ್ಚಿದೆ.
ದನಿ ಒಣಗಿ ಒಣಗಿ ಪಿಸುಮಾತಾಯ್ತು, "ಮಾ."
ಲ್ಯಾಬ್ ಬಿಟ್ಟು ಆಟೋ ಹಿಡದು ಓಡಿ ಬಂದಳು ಇಬ್ತಿಸಾಮ್.
ಮಗಳು ಆಕಿ ಕಡಿ ಸರಿಯಾಗಿ ನೋಡಲೂ ಇಲ್ಲ.
"ನೀರು ಕೇಳಲತ್ತಾಳ" ಅಂದಳು,
"ನಮ್ಮಲ್ಲಿ ಮಾ ಅಂದರ ನೀರು."

ಹರವಿ ಮೂರು ಮಾರು ದೂರ ಇತ್ತು.
ಎರಡು ಲೋಟ. ಗಂಟಲ ಸಪ್ಪಳ ಬಿಟ್ಟರ
ಖೋಲಿಯಾಗ ಬ್ಯಾರೆ ಸಪ್ಪಳಿಲ್ಲ.
ಮೂವತ್ತು ವರ್ಷ ಮಕ್ಕಳ ಅಳು ಕೇಳಿದಾಕಿ ನಾ
ಪರಸಿ ನೋಡಿಕೋತ ನಿಂತೆ.
ಐದನೇ ಹೆಸರಿಗೂ ಗೀಟು ಬಿತ್ತು ಅಂದುಕೊಂಡೆ.
ಮರುದಿನ ಮತ್ತ ಕರಕೊಂಡು ಬಂದಳು,
ಕೊಳ್ಳಾಗ ನೀರಿನ ಬಾಟ್ಲಿ ಹಾಕಿ.

ಈಗ ಶ್ರಾವಣ. ಅರ್ವಾಗ ಹುಡುಗರು 'ಅರಿವಿ' ಅಂತಾರ,
ಅಂಗಿ ಚುಂಗು ಎಳದು ತೋರಿಸಿ ನಗ್ತಾರ.
"ಏ, ಸುಮ್ಕಿರೋ ಭಾಡ್ಯಾ" ಅಂತ
ಖಾಸೀಂಬಿ ದನೀಲೇ ಬೈತಾಳ ಇಕಿ.
ಕಟ್ಟಿ ಮ್ಯಾಲ ಜಾಗ ಸಿಕ್ಕದಂತ.

ನಿನ್ನಿ ಗುರುಬಾಯಿ ಬಂದು ಜಗಳ ತಗದಳು:
"ಏನ್ ಕಲಸ್ತೀರಿ ಟೀಚರ್? ನಡುರಾತ್ರಿ ಎದ್ದು
ನಮ್ಮ ಹುಡುಗ ಮಾ, ಮಾ ಅಂತು.
ಯವ್ವಾ ಅಂತಿದ್ದಾಂವ ಮಾ ಅನ್ಲತ್ತಾನಂತ
ಎದಿಗೆ ಅವಚಿಕೊಂಡು ಕುಂತೆ, ಮುತ್ತು ಕೊಟ್ಟೆ.
ಕೈ ಕೊಡವಿಕೊಂಡು ಎದ್ದು ಹೋದ,
ಕತ್ತಲಾಗ, ತಂಬಿಗಿ ಹುಡುಕೋತ."